ಖರ್ಚಾದ ಮೇಲೆ ಲೆಕ್ಕ ಕೇಳುವವರು ಯಾರು?

ಪ್ರಶ್ನೆ: ಬಜೆಟ್ಟಿಗೆ ಸಂಸತ್ತು ಒಪ್ಪಿಗೆ ಕೊಡುತ್ತದೆ, ಸರಿ. ಆ ಹಣ ಸರಿಯಾಗಿ ಖರ್ಚಾಯಿತೇ ಎಂದು ಆಮೇಲೆ ನೋಡುವವರು ಯಾರು? ತಪ್ಪು ಸಿಕ್ಕರೆ ಶಿಕ್ಷೆ ಇದೆಯೇ?

ಉತ್ತರ: ಅದು ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಕೆಲಸ. 1921ರಲ್ಲಿ, ಬ್ರಿಟಿಷರ ಕಾಲದಲ್ಲೇ ಹುಟ್ಟಿದ ಈ ಸಮಿತಿಯಲ್ಲಿ ಈಗ ಲೋಕಸಭೆಯ 15, ರಾಜ್ಯಸಭೆಯ 7, ಒಟ್ಟು 22 ಸದಸ್ಯರಿರುತ್ತಾರೆ. ಮಂತ್ರಿಗಳಿಗೆ ಇಲ್ಲಿ ಜಾಗವಿಲ್ಲ. ಖರ್ಚು ಮಾಡಿದವರೇ ಲೆಕ್ಕ ತಪಾಸಣೆಗೂ ಕೂತರೆ ಹೇಗೆ? 1967ರಿಂದ ಅಧ್ಯಕ್ಷ ಸ್ಥಾನವನ್ನು ವಿರೋಧ ಪಕ್ಷಕ್ಕೆ ಬಿಟ್ಟುಕೊಡುವ ರೂಢಿ ಬೆಳೆದಿದೆ.

ಸಮಿತಿಗೆ ಕಣ್ಣು ಎಂದರೆ ಸಿಎಜಿ, ಅಂದರೆ ಮಹಾಲೆಕ್ಕ ಪರಿಶೋಧಕರ ವರದಿ. ಮಂಜೂರಾತಿ ಮೀರಿದ ವೆಚ್ಚ, ಗಾಳಿಗೆ ತೂರಿದ ಟೆಂಡರ್ ನಿಯಮ, ಬಳಕೆಯಾಗದೆ ಉಳಿದ ಹಣ ಎಲ್ಲವೂ ಅದರಲ್ಲಿ ಬಯಲಾಗುತ್ತವೆ. ಸಮಿತಿ ಕೆಲವು ವಿಷಯಗಳನ್ನು ಆರಿಸಿ, ಇಲಾಖೆಯ ಹಿರಿಯ ಅಧಿಕಾರಿಗಳನ್ನೇ ಕರೆಸಿ ವಿವರಣೆ ಕೇಳುತ್ತದೆ. ಸರ್ಕಾರಿ ಕಂಪನಿ, ನಿಗಮಗಳಿಗೆ 1964ರಿಂದ ಸಾರ್ವಜನಿಕ ಉದ್ಯಮಗಳ ಸಮಿತಿ ಬೇರೆಯೇ ಇದೆ.

ಇನ್ನು ಶಿಕ್ಷೆಯ ಮಾತು. ಸಮಿತಿ ಯಾರನ್ನೂ ಜೈಲಿಗೆ ಕಳಿಸಲಾರದು. ಶಿಫಾರಸು ಮಾಡುತ್ತದೆ, ಅಷ್ಟೇ. ಆದರೆ ಏನು ಕ್ರಮ ಕೈಗೊಂಡೆವು ಎಂದು ಸರ್ಕಾರ ಲಿಖಿತ ಉತ್ತರ ಕೊಡಬೇಕು. ಅಷ್ಟರಲ್ಲಿ ಹಣ ಖರ್ಚಾಗಿ ಎಷ್ಟೋ ಸಲ ವರ್ಷಗಳೇ ಉರುಳಿರುತ್ತವೆ ಎಂಬುದೇ ಕೊರತೆ. ಆದರೂ ಮುಂದೊಂದು ದಿನ ಲೆಕ್ಕ ಕೇಳುತ್ತಾರೆಂಬ ಅಳುಕು ಕಡತಕ್ಕೆ ಸಹಿ ಹಾಕುವ ಕೈಯನ್ನು ಒಮ್ಮೆ ತಡೆಯುತ್ತದೆ.