ಲೋಹಗಳ ಸಮಾನ ತೂಕ

ಎರಡು ಲೋಹಗಳನ್ನು ಹೋಲಿಸಬೇಕಾದಾಗ ನಾವು ಬೆಲೆಯನ್ನೋ ಹೊಳಪನ್ನೋ ಗಟ್ಟಿತನವನ್ನೋ ವಿಚಾರಿಸುತ್ತೇವೆ. ರಸಾಯನಶಾಸ್ತ್ರಜ್ಞನಾದರೋ, ಆಮ್ಲದಿಂದ 1.008 ಗ್ರಾಂ ಜಲಜನಕವನ್ನು ಹೊರದೂಡಬೇಕಾದರೆ ಈ ಲೋಹವೆಷ್ಟು ವ್ಯಯವಾಗಬೇಕೆಂದು ಕೇಳುತ್ತಾನೆ. ಮೆಗ್ನೀಸಿಯಮ್ ಆದರೆ 12.15 ಗ್ರಾಂ, ಸತುವಾದರೆ 32.7, ಅಲ್ಯೂಮಿನಿಯಮ್ ಆದರೆ 9. ಕಾರ್ಯಸಾಮರ್ಥ್ಯದಲ್ಲಿ ಒಂದಕ್ಕೊಂದು ಸರಿದೂಗುವ ಈ ಪರಿಮಾಣಗಳಿಗೇ ಸಮಾನ ತೂಕವೆಂದು ಹೆಸರು. ಡಾಲ್ಟನ್ನನ ಪರಮಾಣುವಾದವು ಹುಟ್ಟುವುದಕ್ಕೆ ಮೊದಲೇ, 1792ರಲ್ಲಿ, ಜರ್ಮನಿಯ ರಿಕ್ಟರನು ಆಮ್ಲಕ್ಷಾರಗಳು ನಿಯತ ಪ್ರಮಾಣಗಳಲ್ಲಿ ಮಾತ್ರವೇ ಒಂದನ್ನೊಂದು ತಣಿಸುತ್ತವೆಂದು ತೂಗಿ ತೋರಿಸಲು ತೊಡಗಿದ್ದನು.

ಇದನ್ನು ಕಣ್ಣಾರೆ ಕಾಣುವುದೇನೂ ಕಷ್ಟವಲ್ಲ. ಮೆಗ್ನೀಸಿಯಮ್ ಪಟ್ಟಿಯ ತುಣುಕೊಂದನ್ನು ಉಪ್ಪುಕಾಗದದಿಂದ ತಿಕ್ಕಿ, ಮೇಲಣ ಮಂಕುಪೊರೆಯನ್ನು ಕಳೆದು ತೂಗಬೇಕು. ಆ ಪೊರೆಯು ತೂಕಕ್ಕೆ ಸೇರುವುದೇ ಹೊರತು ಜಲಜನಕವನ್ನು ಕೊಡದಾದುದರಿಂದ, ತಿಕ್ಕಲು ಸೋಮಾರಿತನ ಪಟ್ಟವನ ಉತ್ತರವು ತಪ್ಪದೆ ಹೆಚ್ಚಾಗಿ ಬರುತ್ತದೆ. ಅಳತೆಗೆರೆಗಳುಳ್ಳ ನಳಿಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವನ್ನು ಹೊಯ್ದು, ಅದರ ಮೇಲೆ ಕಲಕದಂತೆ ನೀರು ತುಂಬಿ, ತಾಮ್ರದ ತಂತಿಯಲ್ಲಿ ಸುತ್ತಿದ ತುಣುಕನ್ನು ಬಾಯಿಯ ಬಳಿ ಸಿಕ್ಕಿಸಿ, ನಳಿಗೆಯನ್ನು ನೀರಿನ ಪಾತ್ರೆಯಲ್ಲಿ ಬೋರಲಾಗಿಸಿದರೆ, ನೀರಿಗಿಂತ ಭಾರವಾದ ಆಮ್ಲವು ಬಿಸಿಲುಗಾಳಿಯ ಅಲೆಯಂತೆ ನಡುಗುತ್ತ ಇಳಿದು ಲೋಹವನ್ನು ಮುಟ್ಟುತ್ತದೆ. ಮುಟ್ಟಿದ್ದೇ ತಡ, ಗುಳ್ಳೆಗಳ ಸಾಲು ಮೇಲಕ್ಕೇರಿ, ಲೋಹವು ಕರಗಿ ಹೋಗಿ, ಬರಿಯ ತಾಮ್ರದ ಸುರುಳಿ ಉಳಿಯುತ್ತದೆ.

ಇಲ್ಲಿಂದ ಮುಂದಿನದು ಎಚ್ಚರದ ಕೆಲಸ. ಸಂಗ್ರಹವಾದ ಅನಿಲದಲ್ಲಿ ನೀರಾವಿಯೂ ಬೆರೆತಿರುತ್ತದೆ. 27 ಡಿಗ್ರಿ ಉಷ್ಣತೆಯಲ್ಲಿ ಅದರ ಒತ್ತಡವು ಸುಮಾರು 27 ಮಿಲಿಮೀಟರು ಪಾದರಸದಷ್ಟಿದ್ದು, ಅದನ್ನು ಕಳೆಯದೆ ವಿಧಿಯಿಲ್ಲ. ಊರಿನ ಎತ್ತರವನ್ನೂ ಮರೆಯುವಂತಿಲ್ಲ: ಮಂಗಳೂರಿನ ಕಡಲಂಚಿನಲ್ಲಿ ಅಳೆದ ಜಲಜನಕವೇ, ಅದೇ ಉಷ್ಣತೆಯಲ್ಲಿ, ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಹೆಚ್ಚು ಜಾಗವನ್ನಾಕ್ರಮಿಸುತ್ತದೆ. ಆದುದರಿಂದಲೇ ಗಾತ್ರವನ್ನು ಸೊನ್ನೆ ಡಿಗ್ರಿ, 760 ಮಿಲಿಮೀಟರುಗಳಿಗೆ ಪರಿವರ್ತಿಸುವುದು. ಆ ಸ್ಥಿತಿಯಲ್ಲಿ 1.008 ಗ್ರಾಂ ಜಲಜನಕದ ಗಾತ್ರವು 11,200 ಮಿಲಿಲೀಟರು. 0.0486 ಗ್ರಾಂ ಲೋಹದಿಂದ 44.8 ಮಿಲಿಲೀಟರು ಬಂದಿತೆನ್ನೋಣ. 11,200 ಅದರ 250 ಮಡಿ, 0.0486ರ 250 ಮಡಿ 12.15.

ಆಮ್ಲಕ್ಕೆ ಜಗ್ಗದ ತಾಮ್ರದಂಥ ಲೋಹಗಳಿಗೆ 8 ಗ್ರಾಂ ಆಮ್ಲಜನಕದೊಡನೆ ಕೂಡುವ ತೂಕವನ್ನು ನೋಡುತ್ತಾರೆ. ಕಪ್ಪು ಆಕ್ಸೈಡಿನಲ್ಲಿ ಆ ತೂಕವು ಸುಮಾರು 31.8, ಕೆಂಪು ಆಕ್ಸೈಡಿನಲ್ಲಿ ಅದರ ಇಮ್ಮಡಿ.

ಸಮಾನ ತೂಕವನ್ನು ಸಂಯೋಗಸಾಮರ್ಥ್ಯದಿಂದ ಗುಣಿಸಿದರೆ ಪರಮಾಣು ತೂಕವು ದೊರೆಯುವುದೇನೋ ನಿಜವೇ. ಆದರೆ ಆ ಗುಣಕವನ್ನು ತಕ್ಕಡಿ ಹೇಳದು. ಬೆರಿಲಿಯಮ್ಮಿನ ಸಮಾನ ತೂಕ ಸುಮಾರು 4.5. ಅದರ ಆಕ್ಸೈಡು ಅಲ್ಯೂಮಿನಿಯಮ್ಮಿನದನ್ನು ಹೋಲುವುದರಿಂದ ಗುಣಕವು ಮೂರೆಂದು, ಪರಮಾಣು ತೂಕವು ಹದಿಮೂರೂವರೆಯ ಹತ್ತಿರದ್ದೆಂದು ಹಲವರು ನಂಬಿದ್ದರು. ಇಂಗಾಲದ 12ಕ್ಕೂ ಸಾರಜನಕದ 14ಕ್ಕೂ ನಡುವೆ ತನ್ನ ಆವರ್ತ ಕೋಷ್ಟಕದಲ್ಲಿ ಬೇರೊಂದಕ್ಕೆ ಎಡೆಯಿಲ್ಲವೆಂದು ಮೆಂಡಲೀಫನು ಗುಣಕವನ್ನು ಎರಡಕ್ಕಿಳಿಸಿ, ಲಿಥಿಯಮ್ಮಿಗೂ ಬೋರಾನಿಗೂ ನಡುವೆ ಅದನ್ನು ಕೂರಿಸಿದನು. ಸ್ವೀಡನ್ನಿನ ನಿಲ್ಸನ್ ಮತ್ತು ಪೆಟರ್ಸನ್ನರು ವಿಶಿಷ್ಟೋಷ್ಣವನ್ನಳೆದು ಮೂರೇ ಸರಿಯೆಂದು ವಾದಿಸಿದರು. 1884ರಲ್ಲಿ ಅವರೇ ಬೆರಿಲಿಯಮ್ ಕ್ಲೋರೈಡಿನ ಆವಿಯ ಸಾಂದ್ರತೆಯನ್ನಳೆದು, ಎರಡೇ ಸರಿಯೆಂದು ತೋರಿಸಿಕೊಟ್ಟರು.