ಎರಡು ಬೆರಳು ಗಿಡ್ಡವಾದ ಟಾಪು

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಒಂದು ಅಡ್ಡಗಲ್ಲಿಗೆ ಹೊಕ್ಕರೆ ಸೀಟ್ ಕವರ್, ರೆಕ್ಸಿನ್, ಫೋಮ್‌ಗಳದ್ದೇ ಸಾಮ್ರಾಜ್ಯ. ಹೊಸ ಕಾರುಗಳು ನಾಲ್ಕೂ ಬಾಗಿಲು ತೆರೆದುಕೊಂಡು, ಸೀಟು ಕಳಚಿಸಿಕೊಂಡು ಸಾಲಾಗಿ ನಿಂತಿವೆ. ಅವುಗಳ ನಡುವೆ ಬಿಸಿಲಿಗೆ ಮೈಯೊಡ್ಡಿ ನಿಂತಿರುವುದು ಹಸಿರು ಬಣ್ಣದ ಮಾರಿಸ್ ಮೈನರ್ ಕನ್ವರ್ಟಿಬಲ್. ಬೀಡಾ ಅಂಗಡಿಗೆ ಬಂದವರೆಲ್ಲ ಒಂದು ಸುತ್ತು ಹಾಕಿ, ಬಾನೆಟ್ ಮುಟ್ಟಿ, "ಯಾವ ಇಸವಿದು ಸಾರ್?" ಎಂದು ಕೇಳಿಯೇ ಹೋಗುತ್ತಾರೆ.

ಇಸವಿ 1950ರ ದಶಕದ್ದು. ಅಲೆಕ್ ಇಸಿಗೊನಿಸ್ ವಿನ್ಯಾಸ ಮಾಡಿದ ಈ ಕಾರು 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನಕ್ಕೆ ಬಂದಾಗಲೇ ಟಾಪು ಮಡಚುವ ಮಾದರಿಯೂ ಜೊತೆಗಿತ್ತು. ಸದ್ಯಕ್ಕೆ ಈ ಹಸಿರು ಕಾರಿನ ಸಂಕಟವೆಂದರೆ, ಟಾಪನ್ನು ಎತ್ತಿ ಮುಂದಕ್ಕೆ ತಂದರೆ ಅದು ಮುಂಗಾಜಿನ ಚೌಕಟ್ಟನ್ನು ಮುಟ್ಟುವುದೇ ಇಲ್ಲ. ಎರಡು ಬೆರಳಿನಷ್ಟು ಗಿಡ್ಡ. ಕೊಂಡಿ ಗಾಳಿಯಲ್ಲೇ ನೇತಾಡುತ್ತಿದೆ.

"ಇಬ್ಬರು ಹಿಡಿದು ಜೋರಾಗಿ ಎಳೆದ್ರೆ ಬರಲ್ವಾ ಭಾಯ್?" ಎಂದು ಕಾರಿನ ಯಜಮಾನರು ಟಾಪು ಸರಿಪಡಿಸುವ ಕುಶಲಕರ್ಮಿಯನ್ನು ಕೇಳುತ್ತಾರೆ.

"ಬರತ್ತೆ ಸಾರ್. ಬಟ್ಟೆ ಬರಲ್ಲ, ಹೊಲಿಗೆ ಬರತ್ತೆ."

ಆಗಿರುವುದಿಷ್ಟು. ಜಡಿಮಳೆಯಲ್ಲಿ ನೆನೆದು ಬಂದ ಕಾರಿನ ಟಾಪನ್ನು ಹಾಗೇ ಮಡಚಿ, ಮೇಲೊಂದು ಹೊದಿಕೆ ಹೊದಿಸಿ, ಮಳೆಗಾಲ ಮುಗಿಯುವವರೆಗೆ ಶೆಡ್ಡಿನಲ್ಲಿ ನಿಲ್ಲಿಸಿದ್ದಾರೆ. ಹತ್ತಿಯ ಕ್ಯಾನ್ವಾಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಹತ್ತಿಯ ನೂಲು ನೀರು ಕುಡಿದರೆ ಉಬ್ಬಿ ದಪ್ಪಗಾಗುತ್ತದೆ. ಹೊಕ್ಕಿನ ಎಳೆ ದಪ್ಪವಾದಷ್ಟೂ ಅದರ ಮೇಲೆ ಕೆಳಗೆ ಹಾದುಹೋಗುವ ಹಾಸಿನ ಎಳೆ ಹೆಚ್ಚು ಬಳಸಿ ಸಾಗಬೇಕು. ಆ ಬಳಸುದಾರಿಗೆ ಬೇಕಾದ ನೂಲು ಬಟ್ಟೆಯ ಉದ್ದದಿಂದಲೇ ಹೋಗುತ್ತದೆ. ಟಾಪು ಬಿಗಿದ ಸ್ಥಿತಿಯಲ್ಲೇ ಒಣಗಿದರೆ ಅದನ್ನು ಹೊತ್ತ ಕಮಾನುಗಳು ಬಟ್ಟೆಯನ್ನು ಹಿಡಿದು ನಿಲ್ಲಿಸುತ್ತವೆ. ಮಡಚಿಟ್ಟರೆ ಹಿಡಿಯುವವರು ಯಾರು? ಮೊದಲ ಒಗೆತಕ್ಕೆ ಮೊಣಕೈವರೆಗೆ ಏರುವ ಖಾದಿ ಜುಬ್ಬದಂತೆ ಅದು ತನ್ನಿಷ್ಟಕ್ಕೆ ಕುಗ್ಗಿ ಅಲ್ಲೇ ಒಣಗಿಬಿಡುತ್ತದೆ. ಮಡಿಕೆಗಳಲ್ಲಿ ಬೂಷ್ಟು ಬೇರೆ.

ಭಾಯ್ ಬಟ್ಟೆಗೆ ಕೈ ಹಚ್ಚುವ ಮೊದಲು ಕಾರಿನೊಳಗೆ ತಲೆ ತೂರಿಸುತ್ತಾರೆ. ಕಮಾನಿನಿಂದ ಕಮಾನಿಗೆ ಎಳೆದ ದಪ್ಪ ಪಟ್ಟಿಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಕಮಾನು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಈ ಪಟ್ಟಿಗಳೇ. ಅವು ಹಿಂದೆ ಸರಿದಿದ್ದರೆ, ಕೀಲು ತುಕ್ಕು ಹಿಡಿದು ಅರ್ಧಕ್ಕೇ ನಿಂತಿದ್ದರೆ, ಬಟ್ಟೆ ಸರಿಯಾಗಿದ್ದರೂ ಟಾಪು ಗಿಡ್ಡವೇ. ಎಷ್ಟೋ ಜನ ಇದನ್ನು ನೋಡದೆ ಹೊಸ ಟಾಪು ಹೊಲಿಸಿ, ಅದೂ ಸಾಲದೆ ಕೂತಿರುತ್ತಾರೆ. ಇಲ್ಲಿ ಎಡಗಡೆಯ ಕೀಲು ನಿಜಕ್ಕೂ ಬಿಗಿದಿದೆ. ಎರಡು ಹನಿ ಎಣ್ಣೆ ಬಿದ್ದು, ನಾಲ್ಕು ಸಲ ಆಡಿಸಿದ ಮೇಲೆ ಕಮಾನು ಕಿರ್ರೆಂದು ತುಸು ಮುಂದೆ ಬರುತ್ತದೆ.

ಇನ್ನು ಬಟ್ಟೆಯ ಸರದಿ. ಹುಡುಗನೊಬ್ಬ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಟಾಪಿನ ಮೇಲೆ ಹಾಸುತ್ತಾನೆ. ತೋಯಿಸುವುದಲ್ಲ, ಹದಕ್ಕೆ ತರುವುದಷ್ಟೇ. ಭಾಯ್ ಕೊಂಡಿಯ ತಿರುಪನ್ನು ಕೊನೆಯವರೆಗೂ ಸಡಿಲಿಸಿ, ಅಂಗೈಯಿಂದ ಹಿಂದಿನಿಂದ ಮುಂದಕ್ಕೆ ಬಟ್ಟೆಯನ್ನು ನೀವುತ್ತಾರೆ. ಹೊಲಿಗೆಯ ಸಾಲು ಬಂದಲ್ಲೆಲ್ಲ ಕೈ ನಿಧಾನ. ಹಳೆಯ ಟಾಪುಗಳಿಗೆ ಹತ್ತಿ ದಾರ ಹಾಕುತ್ತಿದ್ದರು. ಒದ್ದೆಯಾದರೆ ಅದು ಉಬ್ಬಿ ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ, ನೀರು ಒಳಗಿಳಿಯುವುದಿಲ್ಲ. ಆದರೆ ವಯಸ್ಸಾದ ದಾರ ಎಳೆತ ತಾಳದು. ಮೂರನೆಯ ಯತ್ನಕ್ಕೆ ಕೊಂಡಿ ಹೇಗೋ ಕಚ್ಚಿಕೊಳ್ಳುತ್ತದೆ. ಪೂರ್ತಿ ಬಿಗಿಯಿಲ್ಲ, ನಡುವೆ ಬೆರಳು ತೂರುವಷ್ಟು ಸಂದಿ. "ಇವತ್ತಿಗೆ ಸಾಕು" ಎಂದು ಭಾಯ್ ಕೈ ಒರೆಸಿಕೊಳ್ಳುತ್ತಾರೆ. ಒಂದೆರಡು ದಿನ ಬಿಸಿಲು ಕಂಡ ಮೇಲೆ ತಿರುಪು ಒಂದು ಸುತ್ತು, ಮತ್ತೆ ಬಿಸಿಲು, ಮತ್ತೊಂದು ಸುತ್ತು.

ಯಜಮಾನರಿಗೆ ಸಮಾಧಾನವಿಲ್ಲ. ರೆಕ್ಸಿನ್ ಹಾಕಿಸಿಬಿಟ್ಟರೆ ತಾಪತ್ರಯವೇ ಇಲ್ಲವಲ್ಲ ಎಂಬುದು ಅವರ ವಾದ. ಅಗ್ಗವೇನೋ ಹೌದು. ಆದರೆ ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ಅಂಶ ವರ್ಷವರ್ಷದ ಬಿಸಿಲಿಗೆ ಹಾರಿಹೋಗಿ ಅದೂ ಗಡುಸಾಗಿ ಕುಗ್ಗುತ್ತದೆ, ಮಡಿಕೆಯಲ್ಲಿ ಸೀಳುತ್ತದೆ. ಹೊಸದೇ ಬೇಕೆಂದರೆ ಎರಡು ಬಟ್ಟೆಗಳ ನಡುವೆ ರಬ್ಬರ್ ಹಾಳೆ ಕೂಡಿಸಿದ ಟಾಪು ಬಟ್ಟೆ ಸಿಗುತ್ತದೆ. 1823ರಲ್ಲಿ ಚಾರ್ಲ್ಸ್ ಮ್ಯಾಕಿಂತೋಷ್ ಮಳೆ ಅಂಗಿಗಾಗಿ ಪೇಟೆಂಟ್ ಪಡೆದ ಉಪಾಯವೇ ಅದು. ದುಬಾರಿ, ಆದರೆ ಹಳೆಯ ಕಾರಿಗೆ ಒಪ್ಪುತ್ತದೆ. ರೆಕ್ಸಿನ್ ಹೊದ್ದ ಮೈನರ್ ನನ್ನ ಕಣ್ಣಿಗಂತೂ ಹಿಡಿಸಿಲ್ಲ.

ಇಂಥ ಕಾರು ನಿಮ್ಮ ಮನೆಯಲ್ಲೂ ಇದ್ದರೆ ಇಷ್ಟು ಮಾಡಿ. ನೆನೆದ ಟಾಪನ್ನು ಮಡಚಬೇಡಿ, ಎತ್ತಿ ಬಿಗಿದೇ ಒಣಗಿಸಿ. ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೂ ಟಾಪು ಮೇಲೇ ಇರಲಿ. ಎರಡು ಬೆರಳಿನ ಕೊರತೆಯಾದರೆ ಬಿಸಿಲಿಗೆ, ತಾಳ್ಮೆಗೆ ಬಗ್ಗೀತು. ಕೊರತೆ ಅಂಗೈ ಅಗಲವಿದ್ದರೆ ಎಳೆದಾಡದೆ ಹೊಸ ಬಟ್ಟೆಗೆ ಅಳತೆ ಕೊಟ್ಟುಬಿಡಿ.