ಜಾಲತಾಣದ ವೇಗಕ್ಕೆ ‘ಕ್ಯಾಶ್’: ಸರ್ವರ್ ಬದಲಿಸುವ ಮುನ್ನ ವರ್ತಕರು ತಿಳಿದಿರಬೇಕಾದ ಸಂಗತಿಗಳು

ವ್ಯಾಪಾರಕ್ಕಾಗಿ ಸ್ವಂತ ಜಾಲತಾಣ ಹೊಂದಿರುವ ವರ್ತಕರು ಹಾಗೂ ಸಣ್ಣ ಉದ್ದಿಮೆದಾರರಿಂದ ಸಾಮಾನ್ಯವಾಗಿ ಕೇಳಿಬರುವ ದೂರೆಂದರೆ ತಾಣವು ನಿಧಾನವಾಗಿ ತೆರೆದುಕೊಳ್ಳುತ್ತದೆ ಎಂಬುದು. ಹಬ್ಬದ ರಿಯಾಯಿತಿಯನ್ನು ಪ್ರಕಟಿಸಿದ ದಿನ ಗ್ರಾಹಕರು ಒಮ್ಮೆಲೇ ಬಂದಾಗ ಪುಟವೇ ತೆರೆಯದೆ ಹೋಗುವುದೂ ಉಂಟು. ಅಂಗಡಿಗೆ ಬಂದ ಗ್ರಾಹಕನು ಸ್ವಲ್ಪ ಹೊತ್ತು ಕಾಯಬಹುದು. ಅಂತರ್ಜಾಲದ ಗ್ರಾಹಕನು ಕಾಯದೆ ಮತ್ತೊಬ್ಬರ ತಾಣಕ್ಕೆ ಹೋಗಿಬಿಡುತ್ತಾನೆ. ಇಂತಹ ಸಂದರ್ಭದಲ್ಲಿ ಹೆಚ್ಚು ಬಾಡಿಗೆಯ ದೊಡ್ಡ ಸರ್ವರ್ ಪಡೆಯುವಂತೆ ಸಲಹೆ ದೊರೆಯುವುದು ಸಹಜ. ಆದರೆ ಆ ವೆಚ್ಚಕ್ಕೆ ಮುನ್ನ ಪರಿಶೀಲಿಸಬೇಕಾದ, ಬಹುಮಟ್ಟಿಗೆ ಉಚಿತವಾಗಿಯೇ ದೊರೆಯುವ ಉಪಾಯವೊಂದಿದೆ. ಸರ್ವರಿಗೆ ಹೆಚ್ಚುವರಿಯಾಗಿ ಜೋಡಿಸುವ ‘ಕ್ಯಾಶ್’ ತಂತ್ರಾಂಶವೇ ಆ ಉಪಾಯ.

ಕ್ಯಾಶ್ ಎಂದರೇನು?

ಇದು ನಗದು ಎಂಬ ಅರ್ಥದ ಕ್ಯಾಶ್ ಅಲ್ಲ. ಉಚ್ಚಾರ ಒಂದೇ ಆದರೂ ಇಂಗ್ಲಿಷಿನಲ್ಲಿ ಇದರ ಕಾಗುಣಿತ ಬೇರೆ; ಬೇಕಾದಾಗ ತೆಗೆದುಕೊಳ್ಳಲು ಕೂಡಿಟ್ಟ ದಾಸ್ತಾನು ಎಂಬುದು ಇದರ ಅರ್ಥ. ಗ್ರಾಹಕನೊಬ್ಬ ನಿಮ್ಮ ತಾಣದ ಪುಟವನ್ನು ಕೇಳಿದಾಗ ಸರ್ವರ್ ಪ್ರತಿಸಲವೂ ತಂತ್ರಾಂಶವನ್ನು ಓದಿ, ದತ್ತಸಂಚಯದಿಂದ ಸರಕಿನ ಹೆಸರು, ಬೆಲೆ, ಚಿತ್ರಗಳ ವಿವರ ಹುಡುಕಿ, ಪುಟವನ್ನು ಹೊಸದಾಗಿ ಜೋಡಿಸಿ ಕಳುಹಿಸುತ್ತದೆ. ಮರುಕ್ಷಣವೇ ಇನ್ನೊಬ್ಬನು ಅದೇ ಪುಟವನ್ನು ಕೇಳಿದರೆ ಇಷ್ಟೂ ಕೆಲಸ ಮತ್ತೆ ಮೊದಲಿನಿಂದ ನಡೆಯುತ್ತದೆ.

ಮಂಡಿಯಲ್ಲಿ ದಿನದ ಧಾರಣೆಯನ್ನು ಹಲಗೆಯ ಮೇಲೆ ಬರೆದಿಡುವುದನ್ನು ಇಲ್ಲಿ ನೆನೆಯಬಹುದು. ಬಂದ ಪ್ರತಿಯೊಬ್ಬರಿಗೂ ಗುಮಾಸ್ತನು ಪುಸ್ತಕ ತೆರೆದು ಧಾರಣೆ ಹೇಳುತ್ತ ಕುಳಿತರೆ ಬೇರೆ ಕೆಲಸ ಸಾಗದು. ಹಲಗೆಯಲ್ಲಿ ಒಮ್ಮೆ ಬರೆದರೆ ನೂರು ಜನ ಓದಿಕೊಳ್ಳುತ್ತಾರೆ. ಕ್ಯಾಶ್ ಮಾಡುವುದೂ ಇದನ್ನೇ. ಪುಟವೊಂದನ್ನು ಹತ್ತು ನಿಮಿಷ ಕೂಡಿಟ್ಟುಕೊಳ್ಳುವಂತೆ ನಿಗದಿಪಡಿಸಿ, ಆ ಅವಧಿಯಲ್ಲಿ 600 ಮಂದಿ ಒಬ್ಬರ ಹಿಂದೊಬ್ಬರು ಅದನ್ನು ನೋಡಿದರೆಂದು ಭಾವಿಸೋಣ. ಪುಟ ಜೋಡಿಸುವ ಶ್ರಮ ಒಮ್ಮೆ ಮಾತ್ರ. ಉಳಿದ 599 ಮಂದಿಗೆ ಸಿದ್ಧ ಪ್ರತಿ ದೊರೆಯುತ್ತದೆ.

ಮೂರು ಬಗೆಗಳು

ಮೊದಲನೆಯದು ತಂತ್ರಾಂಶದ ಕ್ಯಾಶ್. ವರ್ಡ್‌ಪ್ರೆಸ್ ಮೊದಲಾದವುಗಳಿಂದ ಕಟ್ಟಿದ ತಾಣಗಳು ಪಿ.ಎಚ್.ಪಿ. ಭಾಷೆಯಲ್ಲಿ ನಡೆಯುತ್ತವೆ. ಬರೆದ ಆದೇಶಗಳನ್ನು ಪ್ರತಿಸಲವೂ ಯಂತ್ರಕ್ಕೆ ತಿಳಿಯುವಂತೆ ಪರಿವರ್ತಿಸುವ ಬದಲು, ಪರಿವರ್ತಿತ ರೂಪವನ್ನೇ ‘ಆಪ್‌ಕ್ಯಾಶ್’ ಕೂಡಿಡುತ್ತದೆ. 2013ರಲ್ಲಿ ಬಂದ ಪಿ.ಎಚ್.ಪಿ. 5.5ನೆಯ ಆವೃತ್ತಿಯಿಂದ ಇದು ಭಾಷೆಯೊಡನೆಯೇ ಬರುತ್ತಿದೆ. ಚಾಲನೆಯಲ್ಲಿದೆಯೇ ಎಂದು ವಿಚಾರಿಸಿದರೆ ಸಾಕು.

ಎರಡನೆಯದು ದತ್ತಾಂಶದ ಕ್ಯಾಶ್. ಮತ್ತೆ ಮತ್ತೆ ಬೇಕಾಗುವ ಮಾಹಿತಿಯನ್ನು ಇದು ಸರ್ವರಿನ ನೆನಪುಕೋಶದಲ್ಲಿಯೇ ಇಟ್ಟುಕೊಳ್ಳುತ್ತದೆ. ಲೈವ್‌ಜರ್ನಲ್ ತಾಣಕ್ಕಾಗಿ ಬ್ರಾಡ್ ಫಿಟ್ಸ್‌ಪ್ಯಾಟ್ರಿಕ್ 2003ರಲ್ಲಿ ರೂಪಿಸಿದ ‘ಮೆಮ್‌ಕ್ಯಾಶ್‌ಡಿ’ ಹಾಗೂ 2009ರಲ್ಲಿ ಹೊರಬಂದ ‘ರೆಡಿಸ್’ ಈ ವರ್ಗದಲ್ಲಿ ಪ್ರಸಿದ್ಧವಾದವು.

ಮೂರನೆಯದು ಇಡೀ ಪುಟದ ಕ್ಯಾಶ್. ನಾರ್ವೆಯ ವಿ.ಜಿ. ಪತ್ರಿಕೆಯ ತಾಣಕ್ಕಾಗಿ ಸಿದ್ಧಗೊಂಡು 2006ರಲ್ಲಿ ಬಿಡುಗಡೆಯಾದ ‘ವಾರ್ನಿಶ್’ ಸರ್ವರಿನ ಮುಂದೆ ನಿಂತು, ಸಿದ್ಧ ಪುಟಗಳನ್ನು ತಾನೇ ಹಂಚುತ್ತದೆ. ಇದನ್ನು ಅಳವಡಿಸಲು ಸರ್ವರಿನ ಮೇಲೆ ಪೂರ್ಣ ಅಧಿಕಾರ ಬೇಕು. ಹಲವರೊಡನೆ ಹಂಚಿಕೊಂಡ ಅಗ್ಗದ ಸರ್ವರಿನಲ್ಲಿರುವ ತಾಣಗಳಿಗೆ ವರ್ಡ್‌ಪ್ರೆಸ್‌ನ ‘ಡಬ್ಲ್ಯು.ಪಿ. ಸೂಪರ್ ಕ್ಯಾಶ್’ನಂತಹ ಉಚಿತ ಪ್ಲಗಿನ್‌ಗಳು ಅನುಕೂಲ. ಸರಕುಪಟ್ಟಿ ಮತ್ತು ಸಂಸ್ಥೆಯ ಪರಿಚಯವಷ್ಟೇ ಇರುವ ತಾಣಕ್ಕೆ ಈ ಮೂರನೆಯ ಬಗೆಯಿಂದಲೇ ಹೆಚ್ಚಿನ ಪ್ರಯೋಜನ.

ಹಲಗೆಯ ಮೇಲೆ ಬರೆಯಬಾರದ ಲೆಕ್ಕ

ಧಾರಣೆಯ ಹಲಗೆ ಎಲ್ಲರಿಗೂ ಕಾಣಬಹುದು. ಆದರೆ ಗಿರಾಕಿಯ ಖಾತೆಪುಸ್ತಕವನ್ನು ಯಾವ ವರ್ತಕನೂ ಹಲಗೆಗೆ ಅಂಟಿಸುವುದಿಲ್ಲ. ಕ್ಯಾಶ್ ತಂತ್ರಾಂಶಕ್ಕೆ ಈ ವಿವೇಕ ತಾನಾಗಿ ಬರುವುದಿಲ್ಲ. ಯಾವುದನ್ನು ಕೂಡಿಡಬಾರದು ಎಂಬ ನಿಯಮವನ್ನು ಸ್ಪಷ್ಟವಾಗಿ ವಿಧಿಸಬೇಕಾಗುತ್ತದೆ.

ನಿಯಮ ತಪ್ಪಿದರೆ ಆಗುವ ಅನಾಹುತಕ್ಕೆ ಅಮೆರಿಕದ ವಾಲ್ವ್ ಸಂಸ್ಥೆಯು ನಡೆಸುವ ‘ಸ್ಟೀಮ್’ ಎಂಬ ಗಣಕ ಆಟಗಳ ಮಾರಾಟ ತಾಣ ನಿದರ್ಶನ. 2015ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ಮಾರಾಟದ ನಡುವೆ, ತಾಣದ ಮೇಲೆ ದಾಳಿ ನಡೆದು ಒತ್ತಡ ವಿಪರೀತವಾಯಿತು. ಅದನ್ನು ನಿಭಾಯಿಸಲು ಜಾರಿಗೊಳಿಸಿದ ಕ್ಯಾಶ್ ನಿಯಮಗಳಲ್ಲೊಂದು ತಪ್ಪಾಗಿದ್ದುದರಿಂದ ಒಬ್ಬ ಗ್ರಾಹಕನಿಗಾಗಿ ಸಿದ್ಧವಾದ ಪುಟ ಮತ್ತೊಬ್ಬನಿಗೆ ಹೋಗತೊಡಗಿತು. ಸುಮಾರು 34,000 ಗ್ರಾಹಕರ ಮಾಹಿತಿಯಿದ್ದ ಪುಟಗಳು ಹೀಗೆ ಪರರ ಕಣ್ಣಿಗೆ ಬಿದ್ದಿರಬಹುದೆಂದು ಸಂಸ್ಥೆಯೇ ತಿಳಿಸಿತು. ಬಿಲ್ಲಿನ ವಿಳಾಸ, ಖರೀದಿಯ ವಿವರ, ಇ-ಮೇಲ್ ವಿಳಾಸಗಳು ಕೆಲವು ಪುಟಗಳಲ್ಲಿದ್ದವು. ಗುಪ್ತಪದ ಹಾಗೂ ಪೂರ್ಣ ಕಾರ್ಡ್ ಸಂಖ್ಯೆಗಳು ಇರಲಿಲ್ಲವೆಂಬುದಷ್ಟೇ ಸಮಾಧಾನ.

ಸಣ್ಣ ಉದ್ದಿಮೆಯಲ್ಲಿಯೂ ಇದು ಸಂಭವಿಸಬಹುದು. ವಿತರಕರು ಲಾಗಿನ್ ಆದಾಗ ಅವರಿಗೆ ಬೇರೆ ದರ ತೋರಿಸುವ ತಯಾರಕರು ಅನೇಕರಿದ್ದಾರೆ. ವಿತರಕರ ಪುಟವು ಕ್ಯಾಶ್‌ನಲ್ಲಿ ಸೇರಿಕೊಂಡರೆ ಚಿಲ್ಲರೆ ಗ್ರಾಹಕನಿಗೂ ವಿತರಕರ ದರವೇ ಕಾಣುತ್ತದೆ. ಅಂತೆಯೇ, ನಿನ್ನೆಯ ಬೆಲೆ ಕ್ಯಾಶ್‌ನಲ್ಲಿ ಉಳಿದು, ಗ್ರಾಹಕನು ಅದನ್ನು ನಂಬಿ ಬೇಡಿಕೆ ಸಲ್ಲಿಸಿದರೆ ವ್ಯತ್ಯಾಸದ ಹೊರೆಯೂ ವಾಗ್ವಾದವೂ ಮಾಲೀಕನ ಪಾಲಿಗೆ ಬರುತ್ತವೆ. ಆದ್ದರಿಂದ ಬುಟ್ಟಿ, ಪಾವತಿ, ಗ್ರಾಹಕರ ಖಾತೆ, ವಿತರಕರ ದರ ಇವುಗಳನ್ನು ಪುಟದ ಕ್ಯಾಶ್‌ನಿಂದ ಹೊರಗಿಡಬೇಕು. ಬೆಲೆ ಅಥವಾ ದಾಸ್ತಾನು ಬದಲಾದೊಡನೆ ಹಳೆಯ ಪ್ರತಿ ಅಳಿಯುವ ವ್ಯವಸ್ಥೆಯಿರಬೇಕು.

ಬೀಗವನ್ನೂ ಗಮನಿಸಿ

ಹೊಸದಾಗಿ ಜೋಡಿಸಿದ ಪ್ರತಿಯೊಂದು ತಂತ್ರಾಂಶವೂ ಕಾಯಬೇಕಾದ ಮತ್ತೊಂದು ಬಾಗಿಲು. 2018ರ ಫೆಬ್ರವರಿ 28ರಂದು ಗಿಟ್‌ಹಬ್ ತಾಣದ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ಪ್ರಮಾಣದ ದಾಳಿ ನಡೆಯಿತು. ದಾಳಿಕೋರರು ಬಳಸಿಕೊಂಡದ್ದು ಅಂತರ್ಜಾಲಕ್ಕೆ ತೆರೆದೇ ಬಿಟ್ಟಿದ್ದ ಇತರರ ಮೆಮ್‌ಕ್ಯಾಶ್‌ಡಿ ಸರ್ವರುಗಳನ್ನು. ಇಂತಹ ಕ್ಯಾಶ್ ಸರ್ವರ್ ಒಳಗಿನ ಜಾಲಕ್ಕೆ ಮಾತ್ರ ತೆರೆದಿರತಕ್ಕದ್ದು. ಪ್ಲಗಿನ್‌ಗಳಿಗೂ ಎಚ್ಚರಿಕೆ ಅನ್ವಯಿಸುತ್ತದೆ. 50 ಲಕ್ಷಕ್ಕೂ ಹೆಚ್ಚು ತಾಣಗಳಲ್ಲಿದ್ದ ‘ಲೈಟ್‌ಸ್ಪೀಡ್ ಕ್ಯಾಶ್’ ಪ್ಲಗಿನ್‌ನಲ್ಲಿ ಹೊರಗಿನವರು ತಾಣದ ಆಡಳಿತವನ್ನೇ ಕೈವಶ ಮಾಡಿಕೊಳ್ಳಬಹುದಾದ ದೋಷವು 2024ರ ಆಗಸ್ಟ್‌ನಲ್ಲಿ ಬಹಿರಂಗವಾಯಿತು, 6.4ನೆಯ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಅಳವಡಿಸಿ ಮರೆತವರಿಗೆ ಆ ರಕ್ಷಣೆ ದೊರೆಯದು.

ಸದಸ್ಯರು ಕೈಗೊಳ್ಳಬಹುದಾದ ಕ್ರಮ

1. ಮೊದಲು ಅಳೆಯಿರಿ. ಗೂಗಲ್‌ನ ‘ಪೇಜ್‌ಸ್ಪೀಡ್ ಇನ್‌ಸೈಟ್ಸ್’ ಎಂಬ ಉಚಿತ ಸಾಧನದಲ್ಲಿ ತಾಣದ ವಿಳಾಸ ನೀಡಿ ಪರೀಕ್ಷಿಸಬಹುದು. ಸರ್ವರಿನಿಂದ ಉತ್ತರ ಬರತೊಡಗಲು 0.8 ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದೆಂಬುದು ಗೂಗಲ್‌ನ ಸಾಮಾನ್ಯ ಮಾರ್ಗಸೂಚಿ. ವಿಳಂಬವಿರುವುದು ಭಾರೀ ಗಾತ್ರದ ಛಾಯಾಚಿತ್ರಗಳಲ್ಲಾದರೆ ಸರ್ವರಿನ ಕ್ಯಾಶ್‌ನಿಂದ ಪರಿಹಾರವಿಲ್ಲ. ಚಿತ್ರಗಳ ಗಾತ್ರವನ್ನೇ ತಗ್ಗಿಸಬೇಕು.

2. ಕ್ಯಾಶ್‌ನಲ್ಲಿ ಸೇರಬಾರದ ಪುಟಗಳ ಪಟ್ಟಿಯನ್ನು ತಾವೇ ಬರೆದು ತಂತ್ರಜ್ಞರಿಗೆ ಕೊಡಿ.

3. ಅಳವಡಿಸಿದ ನಂತರ ಎರಡು ಮೊಬೈಲ್‌ಗಳಲ್ಲಿ ಎರಡು ಬೇರೆ ಖಾತೆಗಳಿಂದ ತಾಣವನ್ನು ತೆರೆದು, ಒಂದರ ಬುಟ್ಟಿ ಇನ್ನೊಂದರಲ್ಲಿ ಕಾಣುತ್ತದೆಯೇ ನೋಡಿ. ಒಂದು ಸರಕಿನ ಬೆಲೆ ಬದಲಿಸಿ, ಹೊಸ ಬೆಲೆ ಎಷ್ಟು ಹೊತ್ತಿಗೆ ಕಾಣಿಸಿತೆಂದು ಗುರುತು ಮಾಡಿಕೊಳ್ಳಿ.

4. ತಂತ್ರಾಂಶವನ್ನು ನವೀಕರಿಸುವ ಹೊಣೆ ಯಾರದೆಂಬುದನ್ನು ನಿರ್ವಹಣಾ ಕರಾರಿನಲ್ಲಿ ನಮೂದಿಸಿ.

ಕ್ಯಾಶ್ ಅಳವಡಿಸುವುದು ತಂತ್ರಜ್ಞರ ಕೆಲಸ. ಆದರೆ ಯಾವ ಲೆಕ್ಕ ಹಲಗೆಯ ಮೇಲಿರಬೇಕು, ಯಾವುದು ಪುಸ್ತಕದೊಳಗಿರಬೇಕು ಎಂಬುದನ್ನು ಬಲ್ಲವನು ವರ್ತಕನೇ. ಆ ನಿರ್ಧಾರವನ್ನು ಬೇರೆಯವರಿಗೆ ಬಿಡದೆ, ಸರ್ವರಿನ ಬಾಡಿಗೆ ಹೆಚ್ಚಿಸುವ ಮುನ್ನವೇ ಈ ಪರೀಕ್ಷೆಗಳನ್ನು ಕೈಗೊಳ್ಳುವುದು ಒಳಿತು.